ಚಿಕ್ಕಪ್ಪನ ಮಂಚದ ಚಪ್ಪರ

ನಮ್ಮ ಚಿಕ್ಕಪ್ಪ ದೇವರಿಗೆ ಹೆದರಿದವರಲ್ಲ, ದೆವ್ವಕ್ಕೆ ಹೆದರಿದವರಲ್ಲ, ಸಾವಿರಾರು ವೋಲ್ಟಿನ ಕರೆಂಟಿಗೂ ಹೆದರಿದವರಲ್ಲ. ಅಂಥವರನ್ನು ಬೆರಳುದ್ದದ ಒಂದು ಹಲ್ಲಿ ಮಣ್ಣುಮುಕ್ಕಿಸಿತು ಎಂದರೆ ನೀವು ನಂಬುತ್ತೀರಾ? ನಂಬಲೇಬೇಕು. ಯಾಕೆಂದರೆ ಆ ಯುದ್ಧದಲ್ಲಿ ಸಾಮಾನು ಹೊತ್ತವಳು ನಾನು!

ಚಿಕ್ಕಪ್ಪ ಅಂದರೆ ನಮ್ಮಮ್ಮನ ತಂಗಿಯ ಗಂಡ. ಭದ್ರಾವತಿಯ ಒಂದು ಕಾರ್ಖಾನೆಯಲ್ಲಿ ಎಲೆಕ್ಟ್ರಿಷಿಯನ್. ಓಲ್ಡ್ ಟೌನಿನಲ್ಲಿ ಹೆಂಚಿನ ಬಾಡಿಗೆ ಮನೆ. ಕಣ್ಣಿಗೆ ಕಾಣದ್ದನ್ನು ನಾನು ನಂಬುವುದಿಲ್ಲ ಎನ್ನುವುದು ಅವರ ಸಿದ್ಧಾಂತ. ಹಾಗಾದರೆ ಕರೆಂಟು ಕಣ್ಣಿಗೆ ಕಾಣುತ್ತದೆಯೇ ಎಂದು ನಮ್ಮಮ್ಮ ಒಮ್ಮೆ ಕೇಳಿದ್ದಕ್ಕೆ, "ಮುಟ್ಟಿ ನೋಡಿ ಅತ್ತಿಗೆ, ಗೊತ್ತಾಗುತ್ತೆ" ಎಂದಿದ್ದರು. ಅಮ್ಮ ಮತ್ತೆ ಅವರ ಜೊತೆ ವಾದಕ್ಕೆ ಹೋಗಲಿಲ್ಲ.

ಅವರ ಎರಡನೆಯ ಸಿದ್ಧಾಂತ, ಹೊಸ ಸಾಮಾನು ಕೊಳ್ಳುವವನು ಮೂರ್ಖ. ಅವರ ಮನೆಯಲ್ಲಿದ್ದ ಫ್ಯಾನು ಎರಡು ಸತ್ತ ಫ್ಯಾನುಗಳಿಂದ ಹುಟ್ಟಿದ್ದು. ಅದು ಗಾಳಿಯನ್ನು ಕೆಳಗೆ ಬೀಸುವ ಬದಲು ಮೇಲಕ್ಕೆ ಎಳೆದುಕೊಳ್ಳುತ್ತಿತ್ತು! ಅದರ ಕೆಳಗೆ ಕೂತರೆ ಸೆಕೆ ಕಡಿಮೆಯಾಗುತ್ತಿರಲಿಲ್ಲ, ತಲೆಗೂದಲು ಮಾತ್ರ ನೆಟ್ಟಗೆ ನಿಲ್ಲುತ್ತಿತ್ತು. ಯಾರಾದರೂ ಆಡಿಕೊಂಡರೆ, ಬಿಸಿಗಾಳಿ ಮೇಲೆ ಹೋಗಬೇಕಾದದ್ದೇ ನಿಯಮ ಎಂದು ನಮಗೇ ಪಾಠ ಹೇಳುತ್ತಿದ್ದರು.

ಇಂಥ ಮನೆಯಲ್ಲಿ ಒಂದು ಬೆಳಿಗ್ಗೆ ಚಿಕ್ಕಮ್ಮ ಹೂ ಮುಡಿದು ಕನ್ನಡಿಯ ಮುಂದೆ ನಿಂತಿದ್ದಾಗ ಮಾಡಿನಿಂದ ಒಂದು ಹಲ್ಲಿ ಜಾರಿ ನೇರವಾಗಿ ಅವರ ಮುಡಿಯ ಮೇಲೆ ಬಿತ್ತು. ಚಿಕ್ಕಮ್ಮ ಕಿರುಚಿದ ಕಿರುಚಾಟಕ್ಕೆ ಪಕ್ಕದ ಮನೆಯವರು ಗ್ಯಾಸ್ ಸೋರಿತೆಂದು ಹೊರಗೆ ಓಡಿದರಂತೆ. ಆಮೇಲೆ ಚಿಕ್ಕಮ್ಮ ತಲೆಗೆ ಸ್ನಾನ ಮಾಡಿ, ದೀಪ ಹಚ್ಚಿ, ಮೊಳೆಗೆ ನೇತುಹಾಕಿದ್ದ ಪಂಚಾಂಗ ತೆಗೆದರು. ಹಲ್ಲಿ ಮೈಮೇಲೆ ಎಲ್ಲಿ ಬಿದ್ದರೆ ಏನು ಫಲ ಎಂದು ಅದರ ಕೊನೆಯಲ್ಲಿ ಪಟ್ಟಿ ಇರುತ್ತದಲ್ಲ, ಗಂಡಸರಿಗೆ ಒಂದು, ಹೆಂಗಸರಿಗೆ ಒಂದು? ಅದನ್ನು ಓದಿದರು. ಓದಿ ಮುಖ ಸಪ್ಪೆ ಮಾಡಿಕೊಂಡು, ಕಂಚಿಗೆ ಹೋಗಿ ಬರೋಣ ಎಂದು ಗಂಡನನ್ನು ಕೇಳಿದರು.

ಕಂಚಿಯ ದೇವಸ್ಥಾನದ ಚಾವಣಿಯಲ್ಲಿ ಬಂಗಾರದ ಹಲ್ಲಿಯೂ ಬೆಳ್ಳಿಯ ಹಲ್ಲಿಯೂ ಇವೆ. ಮೇಲೆ ಹತ್ತಿ ಅವನ್ನು ಮುಟ್ಟಿ ಬಂದರೆ ಹಲ್ಲಿ ಬಿದ್ದ ದೋಷವೆಲ್ಲ ಹೋಗುತ್ತದೆ. ಅಲ್ಲಿಗೆ ಹೋಗಲಾಗದವರು ಹೋಗಿ ಬಂದವರನ್ನು ಮುಟ್ಟಿದರೂ ಸಾಕು. ಇದು ನಮ್ಮ ಕಡೆ ಎಲ್ಲರಿಗೂ ಗೊತ್ತಿರುವ ಮಾತು. ಮುಟ್ಟೋಣವೆಂದರೆ ಚಿಕ್ಕಮ್ಮನ ಬೀದಿಯಲ್ಲಿ ಕಂಚಿಗೆ ಹೋಗಿ ಬಂದವರು ಒಬ್ಬರೂ ಇರಲಿಲ್ಲ. ನಮ್ಮ ಬೀದಿಯ ಕಥೆಯೂ ಅಷ್ಟೇ.

ಚಿಕ್ಕಪ್ಪ ನಕ್ಕರಂತೆ. "ಮನೇಲಿ ಪುಕ್ಕಟೆ ಇಷ್ಟೊಂದು ಹಲ್ಲಿ ಇರುವಾಗ ಹಲ್ಲಿ ನೋಡಕ್ಕೆ ತಮಿಳುನಾಡಿಗೆ ಹೋಗ್ಬೇಕಾ ಮಾರಾಯ್ತಿ?" ಎಂದರಂತೆ. ಚಿಕ್ಕಮ್ಮ ನಾಲ್ಕು ಸೀರೆಯನ್ನು ವೈರ್ ಬುಟ್ಟಿಗೆ ತುಂಬಿಕೊಂಡು ಶಿವಮೊಗ್ಗದ ಬಸ್ಸು ಹತ್ತಿ ನಮ್ಮ ಮನೆಗೆ ಬಂದುಬಿಟ್ಟರು. ಆ ಮನೆಯಲ್ಲಿ ಇನ್ನೊಂದು ಸಲ ಹಲ್ಲಿ ನನ್ನ ಮೈಮೇಲೆ ಬೀಳುವುದಿಲ್ಲ ಎಂದು ಗ್ಯಾರಂಟಿ ಕೊಡುವವರೆಗೆ ನಾನು ಹೋಗುವುದಿಲ್ಲ ಎಂದು ಅಕ್ಕನಿಗೆ ಖಡಾಖಂಡಿತವಾಗಿ ಹೇಳಿದರು.

ಚಿಕ್ಕಪ್ಪನ ಪಾಡು ನೋಡಿ! ಹೆಂಡತಿ ಜಗಳವಾಡಿ ಹೋದಳೆಂದರೆ ಅದಕ್ಕೊಂದು ಮರ್ಯಾದೆ ಇದೆ. ಹಲ್ಲಿಯ ದೆಸೆಯಿಂದ ಹೋದಳೆಂದು ಕಾರ್ಖಾನೆಯಲ್ಲಿ ಯಾರ ಮುಂದೆ ಹೇಳುವುದು? ಪಾಳಿ ಮುಗಿಸಿ ದಿನಾ ಸಂಜೆ ಬಸ್ಸಿನಲ್ಲಿ ಶಿವಮೊಗ್ಗಕ್ಕೆ ಬರುವರು, ನಮ್ಮ ಮನೆಯಲ್ಲಿ ಊಟ ಮಾಡುವರು, ಹಲ್ಲಿ ಎಂಥ ಸಾಧು ಪ್ರಾಣಿ ಎಂದು ಗೋಡೆಯ ಕಡೆ ನೋಡುತ್ತ ಭಾಷಣ ಮಾಡುವರು, ವಾಪಸು ಹೋಗುವರು. ಎರಡು ವಾರ ಹೀಗೇ ನಡೆಯಿತು. ಇವರಿಗೆ ಬೇಕಾಗಿರುವುದು ಹೆಂಡತಿಯೋ, ಹೆಂಡತಿಯ ಕೈಯ ಸಾರೋ ಎಂದು ಅಮ್ಮನಿಗೆ ಅನುಮಾನ ಬಂತು.

ಒಂದು ಸಂಜೆ ಚಿಕ್ಕಪ್ಪ ಮೆಟ್ಟಿಲು ಹತ್ತುವಾಗಲೇ ಗೆದ್ದವರಂತೆ ಬಂದರು. ಹಲ್ಲಿ ಬೀಳುವುದು ಮೇಲಿನಿಂದ ತಾನೆ? ಮಾಡಿಗೂ ಮಂಚಕ್ಕೂ ನಡುವೆ ಒಂದು ಚಪ್ಪರ ಹಾಕಿದರೆ? ರಾಜರ ಕಾಲದಲ್ಲಿ ಚಪ್ಪರದ ಮಂಚ ಇರಲಿಲ್ಲವೇ? ಚಿಕ್ಕಮ್ಮ ಯೋಚಿಸಿ, ಮಂಚದ ಮೇಲಾದರೂ ನೆಮ್ಮದಿ ಇದ್ದರೆ ಬರುತ್ತೇನೆ, ಉಳಿದ ಹೊತ್ತು ತಲೆಗೆ ಟವೆಲ್ ಸುತ್ತಿಕೊಂಡಿರುತ್ತೇನೆ ಎಂದರು. ಚಿಕ್ಕಪ್ಪನ ಮುಖ ನೋಡಬೇಕಿತ್ತು!

ಚಪ್ಪರ ತರಲು ಜೊತೆಗೆ ನಾನೇ ಹೋಗಬೇಕಾಯಿತು. ಬಿ.ಎಡ್. ಮುಗಿಸಿ ಕೆಲಸ ಹುಡುಕುತ್ತಿದ್ದವಳಿಗೆ ಬೇರೇನು ಕೆಲಸ? ಮೊದಲು ಒಂದು ಫರ್ನಿಚರ್ ಅಂಗಡಿಗೆ ಹೋದೆವು. ಮಂಚಕ್ಕೆ ಸೊಳ್ಳೆಪರದೆ ಕಟ್ಟುವ ಸ್ಟ್ಯಾಂಡು ಹೊಳೆಯುತ್ತ ನಿಂತಿತ್ತು. ಬೆಲೆ ಕೇಳಿದ ಚಿಕ್ಕಪ್ಪ ಎದೆಯ ಮೇಲೆ ಕೈಯಿಟ್ಟುಕೊಂಡು, "ಮಂಚವೂ ಸೇರಿ ತಾನೆ?" ಎಂದರು. "ಇಲ್ಲ ಸಾರ್, ಪರದೆಯೂ ಸೇರಿಲ್ಲ" ಎಂದ ಅಂಗಡಿಯವ. ಹೊಳೆಯುವುದಕ್ಕೆಲ್ಲ ದುಡ್ಡು ಕೊಡುವವನು ಮೂರ್ಖ ಎಂದು ಚಿಕ್ಕಪ್ಪ ಹೊರಗೆ ನಡೆದರು.

ಅಲ್ಲಿಂದ ಬಸ್ ಸ್ಟ್ಯಾಂಡಿನ ಹಿಂದಿದ್ದ ಬಾಷಾ ಸಾಹೇಬರ ಗುಜರಿ ಅಂಗಡಿಗೆ. ಹಳೇ ಕಬ್ಬಿಣದ ರಾಶಿಯ ನಡುವೆ ನಾಲ್ಕು ಕಾಲಿನ ಒಂದು ಚೌಕಟ್ಟು ನಿಂತಿತ್ತು. ಗೋಬಿ ಮಂಚೂರಿ ಆಗಷ್ಟೇ ನಮ್ಮೂರಿಗೆ ಕಾಲಿಟ್ಟಿದ್ದ ಕಾಲ. ಗೋಬಿ ಮಾರುವವನೊಬ್ಬ ತಳ್ಳುಗಾಡಿ ಬಿಟ್ಟು ಅಂಗಡಿಯನ್ನೇ ಹಾಕಿಕೊಂಡು, ಗಾಡಿಯ ಚಪ್ಪರವನ್ನು ಗುಜರಿಗೆ ಹಾಕಿದ್ದ. ಮುಂಭಾಗದ ತಗಡಿನ ಪಟ್ಟಿಯ ಮೇಲೆ ಕೆಂಪು ಅಕ್ಷರದಲ್ಲಿ "ಪಾರ್ಸೆಲ್ ಸೌಲಭ್ಯವಿದೆ" ಎಂದು ಬರೆದಿತ್ತು. ಚಿಕ್ಕಪ್ಪನಿಗೆ ಅಲ್ಲೇ ಪ್ರೀತಿ ಹುಟ್ಟಿತು!

ಆದರೆ ಅಳತೆ? ಮಂಚದ ಅಳತೆ ತೆಗೆದ ದಾರ ಭದ್ರಾವತಿಯಲ್ಲೇ ಉಳಿದಿತ್ತು. ಅದಕ್ಕೇನಂತೆ ಎಂದು ಚಿಕ್ಕಪ್ಪ ನೆಲಕ್ಕೆ ಪೇಪರು ಹಾಸಿ ಚೌಕಟ್ಟಿನೊಳಗೆ ಮಲಗಿಯೇಬಿಟ್ಟರು. ಉದ್ದ ಸರಿಹೋಯಿತು. ಅಗಲಕ್ಕೆ ಇನ್ನೊಬ್ಬರು ಬೇಕಲ್ಲ? ಬಾಷಾ ಸಾಹೇಬರು ಟೋಪಿ ತೆಗೆದಿಟ್ಟು ಪಕ್ಕದಲ್ಲಿ ಮಲಗಿದರು. ಬಸ್ಸಿಗೆ ಕಾಯುತ್ತಿದ್ದ ಜನರೆಲ್ಲ ಸುತ್ತ ನಿಂತು ನೋಡುತ್ತಿದ್ದರೆ, ಸಾಹೇಬರು ಮಲಗಿದ್ದಲ್ಲಿಂದಲೇ ಗಂಭೀರವಾಗಿ ಕೇಳಿದರು, "ಅಮ್ಮಾರು ನನ್ನಷ್ಟೇ ದಪ್ಪ ಇದಾರಾ ಸಾರ್?"

ಚಿಕ್ಕಪ್ಪ ನನ್ನ ಕಡೆ ನೋಡಿದರು. ನಾನು ಆಕಾಶ ನೋಡಿದೆ.

ಕಾಲುಗಳನ್ನು ಬಿಚ್ಚಿ ಕಟ್ಟಿ ಬಸ್ಸಿನ ಮೇಲೆ ಹಾಕಿಸಿದೆವು. ತಗಡಿನ ಪಟ್ಟಿ ಮಾತ್ರ ಬಾಗಿಬಿಟ್ಟೀತೆಂದು ಚಿಕ್ಕಪ್ಪ ಅದನ್ನು ತೊಡೆಯ ಮೇಲೆ ಇಟ್ಟುಕೊಂಡು ಕೂತರು. ತುಂಗಾ ಸೇತುವೆ ದಾಟುವಷ್ಟರಲ್ಲಿ ಇಡೀ ಬಸ್ಸು ಅದನ್ನು ಓದಿ ಮುಗಿಸಿತ್ತು. ಭದ್ರಾವತಿಯಲ್ಲಿ ಗೋಬಿ ಅಂಗಡಿ ಎಲ್ಲಿ ಹಾಕುತ್ತೀರಿ ಎಂದು ಕಂಡಕ್ಟರ್ ಕೇಳಿದ. ಅಂಗಡಿಗಲ್ಲ, ಮಲಗುವುದಕ್ಕೆ ಎಂದು ಚಿಕ್ಕಪ್ಪ ಇದ್ದದ್ದನ್ನು ಇದ್ದಂತೆ ಹೇಳಿದರು. ಆಮೇಲೆ ಅವನು ನಮ್ಮ ಸೀಟಿನ ಹತ್ತಿರ ಸುಳಿಯಲಿಲ್ಲ.

ಮನೆಯಲ್ಲಿ ನಿಲ್ಲಿಸಿ ನೋಡಿದರೆ ಅಗಲ ಸರಿಯಾಗಿದೆ, ಉದ್ದ ಒಂದೂವರೆ ಅಡಿ ಕಡಿಮೆ! ಹೇಗಾಯಿತು? ಚಿಕ್ಕಪ್ಪನಿಗೆ ಮೊಣಕಾಲು ಮಡಚಿ ಮಲಗುವ ಅಭ್ಯಾಸ. ಗುಜರಿ ಅಂಗಡಿಯಲ್ಲೂ ಅಭ್ಯಾಸಬಲದಿಂದ ಮಡಚಿಯೇ ಮಲಗಿದ್ದರು. ಸಾಲದ್ದಕ್ಕೆ ಚೌಕಟ್ಟಿನ ಹಿಂದಿನ ಎರಡು ಕಾಲು ಒಂದು ಗೇಣು ಗಿಡ್ಡ. ಗೋಬಿ ಗಾಡಿಯ ಮೇಲೆ ಬಿದ್ದ ಮಳೆನೀರು ಹಿಂದಕ್ಕೆ ಹರಿದುಹೋಗಲಿ ಎಂದು ಮಾಡಿದ್ದ ಇಳಿಜಾರು ಅದು. ಮಲಗುವ ಕೋಣೆಯಲ್ಲಿ ಮಳೆ ಎಲ್ಲಿಂದ ಬರಬೇಕು?

ಚಿಕ್ಕಪ್ಪ ಸೋಲಲಿಲ್ಲ. ಎತ್ತರದ ಕಡೆ ತಲೆ ಬರಲಿ, ಗಿಡ್ಡ ಕಡೆ ಕಾಲು ಬರಲಿ ಎಂದರು. ಹಾಗಾದರೆ ಕಾಲು ಚಾಚಿದಾಗ ಇಬ್ಬರ ಪಾದವೂ ಚಪ್ಪರದ ಹೊರಗೆ ಉಳಿಯುತ್ತದಲ್ಲ ಎಂದೆ. ಆಗ ಆ ಮಹಾನಾಸ್ತಿಕ ಏನು ಮಾಡಿದರು ಗೊತ್ತೇ? ಮೊಳೆಯಿಂದ ಪಂಚಾಂಗ ತೆಗೆದು, ಗಂಡಸರ ಪಟ್ಟಿಯ ಮೇಲೆ ಬೆರಳಾಡಿಸಿ, ಗಟ್ಟಿಯಾಗಿ ಓದಿದರು: "ಪಾದದ ಮೇಲೆ, ಪ್ರಯಾಣ." ಬಿದ್ದರೆ ಬೀಳಲಿ, ಸಕ್ರೆಬೈಲಿಗೆ ಹೋಗಿ ಆನೆ ನೋಡಿಕೊಂಡು ಬಂದರಾಯಿತು ಎಂದು ಪಂಚಾಂಗವನ್ನು ಮತ್ತೆ ಮೊಳೆಗೆ ಹಾಕಿದರು.

ಮುಂದಿನ ಕೆಲಸ ಭರದಿಂದ ನಡೆಯಿತು. ಕಾಲುಗಳು ಅಲ್ಲಾಡದಂತೆ ನಾಲ್ಕು ಬಣ್ಣದ ಡಬ್ಬಗಳಿಗೆ ಸಿಮೆಂಟು ತುಂಬಿ ನಿಲ್ಲಿಸಿದರು. ಮೇಲೆ ಹೊದಿಸಲು ಚಿಕ್ಕಮ್ಮನ ಹಳೇ ವಾಯಿಲ್ ಸೀರೆ. ಅದು ಜೋತುಬೀಳಬಾರದೆಂದು ಗಂಜಿ ಹಾಕಿ, ಇಸ್ತ್ರಿ ಮಾಡಿ, ಡೋಲಿನ ಚರ್ಮದ ಹಾಗೆ ಬಿಗಿದು ಕಟ್ಟಿದರು. ತಗಡಿನ ಪಟ್ಟಿ ತೆಗೆದುಬಿಡಿ ಎಂದರೆ ಕೇಳಲಿಲ್ಲ, ಅದನ್ನು ತೆಗೆದರೆ ಚೌಕಟ್ಟು ಸಡಿಲವಾಗುತ್ತದಂತೆ! ಹಾಗಾಗಿ ದಂಪತಿಗಳ ತಲೆಯ ಮೇಲೆ "ಪಾರ್ಸೆಲ್ ಸೌಲಭ್ಯವಿದೆ" ಉಳಿಯಿತು.

ಭಾನುವಾರ ಅಮ್ಮ, ನಾನು, ಚಿಕ್ಕಮ್ಮ ಮೂವರೂ ಭದ್ರಾವತಿಗೆ ಹೋದೆವು. ಚಿಕ್ಕಮ್ಮ ಬುಟ್ಟಿಯಲ್ಲಿ ನಾಲ್ಕೂ ಸೀರೆ ತುಂಬಿಕೊಂಡೇ ಬಂದಿದ್ದರು. ಪಟ್ಟಿ ಓದಿ ಅವರಿಗೆ ನಗು ಬಂತು. ಎರಡು ವಾರದಲ್ಲಿ ಅವರು ನಕ್ಕದ್ದು ಅದೇ ಮೊದಲು. ಮಧ್ಯಾಹ್ನದ ಊಟವಾದ ಮೇಲೆ ಪರೀಕ್ಷೆಗೆಂದು ಇಬ್ಬರೂ ಕಾಲು ಚಾಚಿ ಮಲಗಿದರು. ಅಮ್ಮನೂ ನಾನೂ ಬಾಗಿಲಲ್ಲಿ ನಿಂತೆವು. ಮಾಡಿನ ಗಾಜಿನ ಹೆಂಚಿನಿಂದ ಬಿಸಿಲು ಸೀರೆಯ ಮೇಲೆ ಬಿದ್ದು ಮಂಚವೆಲ್ಲ ತಿಳಿಗುಲಾಬಿ ಬಣ್ಣವಾಗಿತ್ತು. ನಿಜ ಹೇಳುತ್ತೇನೆ, ಚೆನ್ನಾಗಿಯೇ ಇತ್ತು.

ಆಗ ಮೇಲೆ ಧೊಪ್ಪೆಂದಿತು. ಸೀರೆಯ ಮೇಲೆ ನಾಲ್ಕು ಕಾಲು, ಒಂದು ಬಾಲದ ನೆರಳು ಮೂಡಿತು. ಕೆಳಗಿನಿಂದ ನೋಡುವವರಿಗೆ ಅದು ಮೊಸಳೆಯಷ್ಟು ಕಾಣುತ್ತಿತ್ತು. ನೋಡಿದೆಯಾ, ತಡೆಯಿತೋ ಇಲ್ಲವೋ ಎಂದು ಚಿಕ್ಕಪ್ಪ ಮಲಗಿದ್ದಂತೆಯೇ ಬೀಗಿದರು. ಹಲ್ಲಿ ಒಂದು ಹೆಜ್ಜೆ ಇಟ್ಟಿತು. ಗಂಜಿ ಹಾಕಿದ ಸೀರೆ, ಇಳಿಜಾರು ಬೇರೆ! ಜಾರಿತು ನೋಡಿ, ಸರ್ರನೆ, ಸ್ಕೂಲಿನ ಜಾರುಬಂಡೆಯಲ್ಲಿ ಮಕ್ಕಳು ಜಾರುವಂತೆ. ತಲೆಯ ಕಡೆಯಿಂದ ಹೊರಟು, ಅಂಚು ದಾಟಿ, ಚಿಕ್ಕಪ್ಪನ ಎರಡೂ ಪಾದಗಳ ನಡುವೆ ಬಿದ್ದು, ಬಲಪಾದ ಹತ್ತಿ ನಿಂತಿತು.

ಕಿರುಚಿದ್ದು ಯಾರು ಅಂದುಕೊಂಡಿರಿ? ಚಿಕ್ಕಪ್ಪ!

ಚಿಕ್ಕಮ್ಮ ಕಿರುಚಲೇ ಇಲ್ಲ. ಎದ್ದು ಕೂತು ಗಂಡನ ಪಾದವನ್ನೇ ನೋಡಿದರು. ಕಣ್ಣಲ್ಲಿ ನೀರಿತ್ತು. ಪಾದದ ಮೇಲೆ ಬಿದ್ದರೆ ಪ್ರಯಾಣ ತಾನೆ, ನಾನೇ ಹೊರಟೆ ಎಂದು ಬುಟ್ಟಿ ಎತ್ತಿಕೊಂಡರು. ಚಿಕ್ಕಪ್ಪ ಬಸ್ ಸ್ಟ್ಯಾಂಡಿನವರೆಗೂ ಹಿಂದೆ ಹಿಂದೆ ಬಂದರು. ಬಸ್ಸು ಹೊರಟ ಮೇಲೂ ಅಲ್ಲೇ ನಿಂತಿದ್ದರು. ನನಗೆ ನಗು ಬರಲಿಲ್ಲ.

ಮರುದಿನ ಸಂಜೆ ಅವರು ನಮ್ಮ ಮನೆಗೆ ಬರಲಿಲ್ಲ. ಅದರ ಮರುದಿನವೂ ಇಲ್ಲ. ಕೋಪ ಬಂದಿರಬೇಕು, ಬರಲಿ ಬಿಡು ಎಂದು ಚಿಕ್ಕಮ್ಮ ಧಿಮಾಕು ತೋರಿಸಿದರು. ಮೂರನೆಯ ದಿನ ಬಸ್ಸು ಬರುವ ಹೊತ್ತಿಗೆ ಗೇಟಿನ ಹತ್ತಿರ ನಿಂತರು. ನಾಲ್ಕನೆಯ ದಿನ ಪಕ್ಕದ ಮನೆಯಿಂದ ಕಾರ್ಖಾನೆಗೆ ಫೋನ್ ಮಾಡಿಸಿದರೆ ರಜೆ ಹಾಕಿದ್ದಾರೆ ಎಂದರು. ಆ ದಿನ ಚಿಕ್ಕಮ್ಮ ಊಟಕ್ಕೆ ಕೂತು ಉಣ್ಣದೆ ಎದ್ದರು.

ಐದನೆಯ ದಿನ ಬೆಳಿಗ್ಗೆ ಚಿಕ್ಕಪ್ಪ ಬಾಗಿಲಲ್ಲಿ ನಿಂತಿದ್ದರು. ಗಡ್ಡ ಬೆಳೆದಿತ್ತು, ಅಂಗಿ ಮುದುಡಿತ್ತು, ಕಣ್ಣು ಕೆಂಪಾಗಿತ್ತು. ಒಳಗೆ ಬನ್ನಿ ಎಂದು ಅಮ್ಮ ಕರೆದರೂ ಬರಲಿಲ್ಲ. ಚಿಕ್ಕಮ್ಮನ ಮುಂದೆ ಬಲಗೈ ಚಾಚಿದರು.

"ಮುಟ್ಟು."

"ಏನ್ರೀ ಇದು?"

"ಕಂಚಿಗೆ ಹೋಗಿದ್ದೆ. ಎರಡೂ ಹಲ್ಲಿ ಮುಟ್ಟಿ ಬಂದಿದೀನಿ. ನಾನೇನು ನಂಬಲ್ಲ, ನೀನು ನಂಬ್ತೀಯಲ್ಲ. ಮುಟ್ಟು ಮಾರಾಯ್ತಿ. ಇನ್ನು ನಿನಗೇನೂ ಆಗಲ್ಲ."

ಚಿಕ್ಕಮ್ಮ ಆ ಕೈಯನ್ನು ಎರಡೂ ಕೈಯಲ್ಲಿ ಹಿಡಿದುಕೊಂಡರು. ಬಿಡಲೇ ಇಲ್ಲ. "ನನಗೆ ಏನಾದ್ರೂ ಆಗುತ್ತೆ ಅಂತ ನಿಮಗೆ ಯಾರು ಹೇಳಿದ್ದು? ನೀವು ಓದಿದ್ದು ಗಂಡಸರ ಪಟ್ಟಿ ಅಂತೆ. ಹೆಂಗಸರ ಪಟ್ಟೀಲಿ ಮುಡಿ ಮೇಲೆ ಬಿದ್ರೆ ಗಂಡನಿಗೆ ಗಂಡಾಂತರ ಅಂತಿತ್ತು. ನೀವು ದಿನಾ ಕರೆಂಟ್ ಮುಟ್ಟೋರು" ಎಂದರು.

ಮಧ್ಯಾಹ್ನದ ಬಸ್ಸಿಗೆ ಇಬ್ಬರೂ ಹೋದರು.

ಚಪ್ಪರ ಆ ಮಂಚದ ಮೇಲೆ ವರ್ಷಗಟ್ಟಲೆ ಇತ್ತು. ಅಷ್ಟೇ ಅಲ್ಲ, ಇಡೀ ಓಲ್ಡ್ ಟೌನಿನಲ್ಲಿ ಯಾರ ಮೈಮೇಲೆ ಹಲ್ಲಿ ಬಿದ್ದರೂ ಅವರು ಸ್ನಾನ ಮಾಡಿ ನೇರ ಚಿಕ್ಕಪ್ಪನ ಮನೆಗೆ ಬರತೊಡಗಿದರು! ಇದೆಲ್ಲ ಮೂಢನಂಬಿಕೆ ಎಂದು ಬೈಯುತ್ತಲೇ ಚಿಕ್ಕಪ್ಪ ಪೇಪರಿನಿಂದ ತಲೆಯೆತ್ತದೆ ಕೈ ಚಾಚುತ್ತಿದ್ದರು. ಬಂದವರು ಮುಟ್ಟಿ ಹೋಗುತ್ತಿದ್ದರು.

ಚಿಕ್ಕಮ್ಮನ ಮೈಮೇಲೆ ಮತ್ತೆಂದೂ ಹಲ್ಲಿ ಬೀಳಲಿಲ್ಲ. ಆದರೂ ಚಿಕ್ಕಪ್ಪ ಕೆಲಸಕ್ಕೆ ಹೊರಡುವಾಗ ಚಿಕ್ಕಮ್ಮ ದಿನಾ ಬಾಗಿಲವರೆಗೆ ಬಂದು ಊಟದ ಡಬ್ಬಿ ಕೊಡುತ್ತಿದ್ದರು, ಕೊಡುವಾಗ ಆ ಬಲಗೈಯನ್ನು ಒಮ್ಮೆ ಮುಟ್ಟುತ್ತಿದ್ದರು. ಚಿಕ್ಕಪ್ಪನೂ ಡಬ್ಬಿಯನ್ನು ಎಂದೂ ಎಡಗೈಯಲ್ಲಿ ತೆಗೆದುಕೊಳ್ಳಲಿಲ್ಲ.