ಬ್ರೇಕಮ್ಮನ ಥ್ರಾಟಲ್ ಪರೀಕ್ಷೆ

"ಈ ಗಾಡಿ ಪಾಸೋ ಫೇಲೋ, ತೀರ್ಪು ಕೊಡೋಳು ನಾನು! ಅಲ್ಲೀವರೆಗೆ ನನ್ನ ಮಗಳ ಕಿರುಬೆರಳೂ ಇದರೊಳಗೆ ಹೋಗಕೂಡದು!"

ಭಾನುವಾರ ಬೆಳಗ್ಗೆ ಶೆಡ್ಡಿನ ಬಾಗಿಲಲ್ಲಿ ಸೊಂಟದ ಮೇಲೆ ಕೈಯಿಟ್ಟು ಹೀಗೆ ಘೋಷಿಸಿದವಳು ಬ್ರೇಕಮ್ಮ. ಅದು ಹೆತ್ತವರು ಇಟ್ಟ ಹೆಸರಲ್ಲ, ಗಂಡ ಇಟ್ಟದ್ದು. ಮಗಳು ಜಾರುಬಂಡೆ ಹತ್ತಿದರೆ "ನಿಲ್ಲು!", ಐಸ್‌ಕ್ರೀಂ ನೆಕ್ಕಿದರೆ "ನಿಲ್ಲು!", ಸುಮ್ಮನೆ ನಿಂತಿದ್ದರೆ "ಯಾಕೆ ನಿಂತೆ, ಜ್ವರಾನಾ?" ಎನ್ನುವ ತಾಯಿಗೆ ಬೇರೆ ಯಾವ ಹೆಸರು ತಾನೇ ಒಪ್ಪೀತು?

ಗಂಡ ಲಿಫ್ಟ್ ರಿಪೇರಿ ಮಾಡುವವನು. ವಾರವಿಡೀ ಮೇಲಕ್ಕೂ ಕೆಳಕ್ಕೂ ಹೋಗಿ ಬೇಸತ್ತು, ಒಮ್ಮೆಯಾದರೂ ಮುಂದಕ್ಕೆ ಹೋಗುವ ಆಸೆಯಿಂದ ಎರಡು ವರ್ಷ ರಜೆಯಲ್ಲೆಲ್ಲ ಕೂತು ಒಂದು ಕಾರು ಕಟ್ಟಿದ್ದ. ಅಜ್ಜನ ಕಾಲದ ಕಾರಿನ ಮೈ, ಅದರ ಹೊಟ್ಟೆಯೊಳಗೆ ವ್ಯಾನಿನ ದೈತ್ಯ ಎಂಜಿನ್ನು! ಇಂಥದ್ದಕ್ಕೆ 'ಹಾಟ್ ರಾಡ್' ಅನ್ನುತ್ತಾರೆ ಎಂದು ಅವನು ವಿವರಿಸಿದಾಗ ಬ್ರೇಕಮ್ಮನ ಅತ್ತೆ, "ಬಿಸಿ ಸರಳು ಮಾಡೋಕೆ ಎರಡು ವರ್ಷ ಬೇಕೇನೋ? ಬಚ್ಚಲಲ್ಲಿ ನೀರು ಕಾಯ್ಸೋದು ಒಂದಿದೆಯಲ್ಲೋ!" ಎಂದಿದ್ದರು.

ಒಪ್ಪಂದ ಸರಳ. ಪಾಸಾದರೆ ನಾಲ್ಕು ವರ್ಷದ ಪುಟ್ಟಿಗೆ ಅಪ್ಪನ ಗಾಡಿಯಲ್ಲಿ ಒಂದು ಸುತ್ತು. ಫೇಲಾದರೆ ಗಾಡಿ ಗುಜರಿಗೆ.

ಬ್ರೇಕಮ್ಮನ ಭಯವೆಲ್ಲ ಥ್ರಾಟಲಿನದು. ಕಾಲು ತೆಗೆದ ಮೇಲೂ ಆಕ್ಸಿಲರೇಟರ್ ಪೆಡಲು ಮೇಲೆ ಬರದೆ ಗಾಡಿ ಓಡುತ್ತಲೇ ಇದ್ದರೆ? ಮೂರು ದಿನ ಮೊಬೈಲಿನಲ್ಲಿ ಅದನ್ನೇ ಓದಿ ಓದಿ ಅವಳಿಗೆ ಅನ್ನ ಸೇರುತ್ತಿರಲಿಲ್ಲ.

"ರೀ, ಪೆಡಲ್ ವಾಪಸ್ ಎಳೆಯೋ ಸ್ಪ್ರಿಂಗ್ ಕಿತ್ತೋದ್ರೆ?"

"ಇನ್ನೊಂದು ಹಾಕಿದೀನಿ."

"ಅದೂ ಕಿತ್ತೋದ್ರೆ?"

"ಈ ಕೆಂಪು ಸ್ವಿಚ್ ಒತ್ತು, ಎಂಜಿನ್ ಆಫ್."

"ಅದೂ ಕೆಟ್ಟೋದ್ರೆ?"

"ನೀನೊಂದು ಸಲ ಕೂಗು ಮಾರಾಯ್ತಿ. ರೈಲೇ ನಿಲ್ಲುತ್ತೆ!"

ಅವನು ಗೇಟು ತೆರೆಯಲು ಹೋದಾಗ ಇವಳು ಗಾಡಿಯೊಳಗೆ ಇಣುಕಿದಳು. ಅಯ್ಯಯ್ಯೋ! ಕಾಲಿಡುವ ಜಾಗವೆಲ್ಲ ಬರೀ ತಗಡು! ಮಗುವಿನ ಅಂಗಾಲು ಕುಯ್ದರೆ? ಮಾತೃಹೃದಯ ಕೇಳೀತೇ? ಪುಟ್ಟಿಯ ಕೋಣೆಗೆ ಓಡಿ, ಅವಳು ಅಕ್ಷರ ಕಲಿಯುವ ಸ್ಪಂಜಿನ ಹಾಸನ್ನು ಹೊತ್ತು ತಂದು, ಒಂದೊಂದು ಅಕ್ಷರದ ಬಿಲ್ಲೆಗಳನ್ನು ಅ ಆ ಇ ಈ ಎಂದು ಜೋಡಿಸಿ, ಈ ಬಾಗಿಲಿನಿಂದ ಆ ಬಾಗಿಲಿನವರೆಗೆ ಹಾಸಿಬಿಟ್ಟಳು. ಗಂಡನಿಗೆ ಹೇಳಲಿಲ್ಲ. ಹೇಳಿದರೆ ನಗುತ್ತಾನೆ.

ಅತ್ತೆಯನ್ನೂ ಮಗಳನ್ನೂ ಮಹಡಿಗೆ ಅಟ್ಟಿ, ಸೀಟು ಬೆಲ್ಟು ಬಿಗಿದು, ಸಾಕ್ಷಾತ್ ರಣರಂಗಕ್ಕೆ ಹೊರಟವಳಂತೆ ಸ್ಟೀರಿಂಗು ಹಿಡಿದಳು.

"ಮೆಲ್ಲಗೆ ಒತ್ತು. ನಾಲ್ಕು ಹೆಜ್ಜೆ ಹೋಗ್ಲಿ. ಕಾಲು ತೆಗಿ, ತಾನೇ ನಿಧಾನ ಆಗುತ್ತೆ," ಎಂದ ಗಂಡ.

ಒತ್ತಿದಳು. ಗಾಡಿ ಹೊರಟಿತು. ಕಾಲು ತೆಗೆದಳು. ಕಾಲು ಮೇಲೆ ಬಂತು, ಪೆಡಲು ಬರಲಿಲ್ಲ! ಬಿಡಿಸೋಣವೆಂದು ಹಿಮ್ಮಡಿಯಿಂದ ಒಂದು ಗುದ್ದು ಕೊಟ್ಟಳು ನೋಡಿ, ಅರ್ಧಕ್ಕೆ ನಿಂತಿದ್ದ ಪೆಡಲು ಪೂರ್ತಿ ನೆಲ ಕಚ್ಚಿತು! ಎಂಜಿನ್ನು ಘರ್ಜಿಸಿತು.

"ಸ್ವಿಚ್ಚು! ಕೆಂಪು ಸ್ವಿಚ್ಚು! ಬ್ರೇಕು ಕಣೇ, ಬ್ರೇಕು!" ಗಂಡ ಪಕ್ಕದಲ್ಲೇ ಓಡುತ್ತಿದ್ದ.

ಆ ಗಳಿಗೆಯಲ್ಲಿ ಬ್ರೇಕಮ್ಮನಿಗೆ ಒಲೆಯ ಮೇಲಿಟ್ಟ ಹಾಲು ಕೂಡ ನೆನಪಾಯಿತು. ನೆನಪಾಗದೆ ಉಳಿದದ್ದು ಬ್ರೇಕೊಂದೇ! "ನಿಲ್ಲೂ!" ಎಂದು ಕಿರುಚಿದಳು. ಮಗಳಾಗಿದ್ದರೆ ನಿಲ್ಲುತ್ತಿದ್ದಳು. ಗಾಡಿ ಗಂಡನ ಕಡೆಯದು, ಮಾತು ಕೇಳಲಿಲ್ಲ.

ಒಣಹಾಕಿದ ಎರಡು ಬೆಡ್‌ಶೀಟನ್ನು ತಲೆಗೆ ಸುತ್ತಿಕೊಂಡು ಅದು ಗೇಟು ದಾಟಿತು. ಹೊರಗೆ ನಿಂತಿತ್ತು ಅವಳದೇ ಪುಟ್ಟ ಕಾರು. ಹಿಂದಿನ ಗಾಜಿನ ಮೇಲೆ "ಒಳಗೆ ಮಗುವಿದೆ, ದೂರವಿರಿ" ಎಂದು ಬರೆದಿತ್ತು. ಹಾಟ್ ರಾಡಿಗೆ ಓದು ಬಾರದು. ಧಡಾರ್! ಡಿಕ್ಕಿ ಹೊಡೆದದ್ದೂ ಡಿಕ್ಕಿಗೇ!

ಗಂಡ ಕಿಟಕಿಯಿಂದ ತೂರಿ ಸ್ವಿಚ್ಚು ಒತ್ತಿದ. ಗಾಡಿಗಳತ್ತ ಅವನು ತಿರುಗಿಯೂ ನೋಡಲಿಲ್ಲ.

"ಕತ್ತು ತಿರುಗಿಸು. ಕೈ ಆಡಿಸು. ಇದೆಷ್ಟು ಬೆರಳು?"

"ಮೂರು. ಉಗುರಲ್ಲೆಲ್ಲ ಗ್ರೀಸು."

"ಸದ್ಯ, ಏನೂ ಆಗಿಲ್ಲ!"

ಆಮೇಲಷ್ಟೇ ಪಂಚನಾಮೆ. ಹಾಟ್ ರಾಡಿಗೆ ಒಂದು ದೀಪ ಹೋಗಿತ್ತು. ಅವಳ ಕಾರಿನ ಡಿಕ್ಕಿ ಮಾತ್ರ ಹಿಂದಿನ ಸೀಟಿಗೆ ಬಂದು ಕೂತಿತ್ತು. ಗಂಡ ಒಡೆದ ದೀಪದ ಸುತ್ತಲಿನ ಲೋಹದ ಬಳೆಯನ್ನು ಅಂಗಿಯ ತುದಿಯಿಂದ ಒರೆಸುತ್ತ ಮೆಟ್ಟಿಲ ಮೇಲೆ ಕುಸಿದ.

"ನೀನು ಹೇಳಿದ್ದೇ ಸರಿ. ಎರಡು ಸ್ಪ್ರಿಂಗೂ ಕೈ ಕೊಟ್ಟಿರಬೇಕು. ಪುಟ್ಟಿ ಒಳಗಿದ್ದಿದ್ರೆ... ಬೇಡಪ್ಪ. ನಾಳೆನೇ ಗುಜರಿಯವನಿಗೆ ಹೇಳ್ತೀನಿ."

ಗೆದ್ದಳು ಬ್ರೇಕಮ್ಮ! ಇನ್ನೇನೂ ಮಾಡಬೇಕಿಲ್ಲ, ಬಾಯಿ ಮುಚ್ಚಿಕೊಂಡಿದ್ದರೆ ಸಾಕು. ಹುಟ್ಟಿದಾಗಿನಿಂದ ಬಾರದ ವಿದ್ಯೆ ಈಗ ಬಂದೀತೇ? ಅದರ ಮೇಲೆ ಅವನು ಆ ಬಳೆಯನ್ನು ಒರೆಸುವ ಪರಿ ನೋಡಿ ಕರುಳು ಚುರುಕ್ ಎಂದಿತು.

"ರೀ... ಸ್ಪ್ರಿಂಗ್ ಸರಿಯಾಗೇ ಇದೆ. ಪೆಡಲ್ ಮೇಲೆ 'ಅ' ಕೂತಿದೆ."

"ಏನು ಕೂತಿದೆ?"

"ಅ. ಪುಟ್ಟಿದು. ಪಕ್ಕದಲ್ಲಿ 'ಆ'ನೂ ಇದೆ."

ಅವನು ಬಗ್ಗಿ ನೋಡಿದ. ಮಡಚಿ ಸಿಕ್ಕಿಕೊಂಡಿದ್ದ ಬಿಲ್ಲೆಯನ್ನು ಎಳೆದದ್ದೇ ತಡ, ಪೆಡಲು ಟಪ್ಪೆಂದು ಮೇಲೆ ಬಂತು. ಬಿಲ್ಲೆಯನ್ನೊಮ್ಮೆ, ಹೆಂಡತಿಯನ್ನೊಮ್ಮೆ ನೋಡಿದ.

"ಅಂದ್ರೆ ಇದು ಅಕ್ಷರಶಃ ಅಪಘಾತ!" ಎಂದವನು ನಕ್ಕು ನಕ್ಕು ಮತ್ತೆ ಮೆಟ್ಟಿಲ ಮೇಲೆ ಕುಸಿದ.

ನಗದೇ ಇದ್ದವನು ವಿಮೆಯ ಕಚೇರಿಯವನೊಬ್ಬನೇ.

"ಡಿಕ್ಕಿ ಹೊಡೆದೋರು ಯಾರು ಮೇಡಂ?"

"ನಾನೇ."

"ಹೊಡೆಸಿಕೊಂಡ ಗಾಡಿ?"

"ಅದೂ ನಂದೇ."

"ಹಾಗಾದ್ರೆ ದೂರು ಯಾರ ಮೇಲೆ?"

ಮುಂದಿನ ಭಾನುವಾರ ಹೊಸ ದೀಪ ಬಂತು. ತಗಡಿನ ಅಂಚಿಗೆಲ್ಲ ರಬ್ಬರ್ ಪಟ್ಟಿ ಬಂತು. ಬ್ರೇಕಮ್ಮ ಎಂಜಿನ್ ಆಫ್ ಮಾಡಿಸಿ ಪೆಡಲನ್ನು ನೂರು ಸಲ ಒತ್ತಿದಳು. ನೂರು ಸಲವೂ ಅದು ಮೇಲೆ ಬಂತು. "ಪಾಸು," ಎಂದಳು, ಯಾರಿಗೂ ಕೇಳಿಸದಷ್ಟು ಮೆಲ್ಲಗೆ. ಮಗಳನ್ನು ಹಿಂದೆ ಮಕ್ಕಳ ಸೀಟಿನಲ್ಲಿ ಕೂರಿಸಿ, ತಾನೂ ಪಕ್ಕದಲ್ಲಿ ಕೂತು, ಮಗಳ ಬೆಲ್ಟನ್ನು ಐದನೇ ಸಲ ಎಳೆದು ನೋಡಲು ಕೈ ಚಾಚಿದಳು.

ಮಹಡಿಯ ಮೇಲಿನಿಂದ ಎಲ್ಲವನ್ನೂ ಕಣ್ಣಾರೆ ಕಂಡಿದ್ದ ಪುಟ್ಟಿ ಆ ಕೈಯನ್ನು ಮೆಲ್ಲಗೆ ಹಿಂದಕ್ಕೆ ತಳ್ಳಿದಳು.

"ಅಮ್ಮಾ, ನೀನು ಏನೂ ಮುಟ್ಟಬೇಡ, ಆಯ್ತಾ? ಕೈ ಕಟ್ಕೊಂಡು ಕೂತ್ಕೋ. ಜಾಣೆ!"