ಮಾಳಿಗೆಯಿಂದ ಹತ್ತಿ ಬಂಡಿಗೆ

ಗುರ್‍ರ್‍ರ್ ಎಂಬ ಸದ್ದು. ವಿಮಾನದ್ದಲ್ಲ, ನನ್ನ ಸೋದರಮಾವನದು. ಸ್ವಾತಂತ್ರ್ಯ ಬಂದ ಮರುವರ್ಷದ ಬೇಸಿಗೆಯಲ್ಲಿ, ಹೊಂಬಳದ ಅಜ್ಜನ ಮನೆಯ ಮಾಳಿಗೆಯ ಮೇಲೆ ನಿಂತು, ದಪ್ಪ ಮೀಸೆಯ ಆ ಗಂಡಸು ತುಟಿ ಅದುರಿಸುತ್ತ ಬಾಯಲ್ಲೇ ವಿಮಾನ ಓಡಿಸುತ್ತಿದ್ದ. ಹಾರುವವರಿಗೆ ಇಂಜಿನ್ನಿನ ಸದ್ದು ರೂಢಿಯಾಗಬೇಕಂತೆ. ನಾನು ಅಂಚಿನಲ್ಲಿ ಕಣ್ಣು ಮುಚ್ಚಿ ನಿಂತಿರುತ್ತಿದ್ದೆ. ಉಸಿರು ಸಾಲದೆ ಅವನು ನಡುವೆ ನಿಲ್ಲಿಸಿದರೆ ಕೆಳಗಿನಿಂದ ಹತ್ತಿ ಬಿಡಿಸುವ ಹೆಂಗಸರು, "ಇಮಾನ ಕೆಟ್ಟು ನಿಂತೈತಿ, ಎತ್ತು ಕಟ್ಟಿ ಎಳೀರಿ" ಎಂದು ನಗುತ್ತಿದ್ದರು.

ಎತ್ತರದಿಂದ ಹಾರುವವರ ಧೈರ್ಯದ ಬಗ್ಗೆ ಜನ ಬಹಳ ಮಾತಾಡುತ್ತಾರೆ. ಆ ವಿದ್ಯೆಯನ್ನು ಅರ್ಧಂಬರ್ಧ ಕಲಿತ ನನ್ನ ಅನುಭವದಲ್ಲಿ ಅದರಲ್ಲಿರುವುದು ಮುಖ್ಯವಾಗಿ ಸುಸ್ತು. ಬೀಳುವುದು ಕ್ಷಣದ ಕೆಲಸ. ಪ್ರತಿ ಸಲ ಬೀಳುವುದಕ್ಕೂ ಮತ್ತೆ ಏಣಿ ಹತ್ತಬೇಕಲ್ಲ, ಅದನ್ನು ಯಾರೂ ಹೇಳುವುದಿಲ್ಲ. ಮೊನ್ನೆ ಟೀವಿಯಲ್ಲಿ ಸ್ಕೈಡೈವಿಂಗ್ ತೋರಿಸಿದರು. ಬಿಗಿನರ್ಸ್ ಆದವರನ್ನು ಇನ್‌ಸ್ಟ್ರಕ್ಟರ್ ತನ್ನ ಎದೆಗೆ ಬಿಗಿದುಕೊಂಡು ಹಾರುತ್ತಾನೆ. ವೆರಿ ಕಂಫರ್ಟಬಲ್. ನನ್ನ ಇನ್‌ಸ್ಟ್ರಕ್ಟರ್ ಸೋದರಮಾವನಾಗಿದ್ದರಿಂದ ಅಂಥ ಸೌಲಭ್ಯಗಳೇನೂ ಇರಲಿಲ್ಲ. ಈಗ ನನ್ನ ಮಂಡಿಗಳನ್ನು ನೋಡಿಕೊಳ್ಳುವ ಗದಗಿನ ಡಾಕ್ಟರ್ ಪ್ರತಿ ಭೇಟಿಯಲ್ಲೂ, "ಅಜ್ಜೀ, ಏನರ ಮಾಡ್ರಿ, ಬೀಳೂದೊಂದು ಮಾಡಬ್ಯಾಡ್ರಿ" ಎನ್ನುತ್ತಾನೆ. ಅದೊಂದನ್ನೇ ನಾನು ಶಾಸ್ತ್ರೋಕ್ತವಾಗಿ ಕಲಿತದ್ದು ಎಂದು ಆ ಹುಡುಗನಿಗೆ ಹೇಳುವಷ್ಟು ತ್ರಾಣ ನನಗಿಲ್ಲ. ತಲೆಯಾಡಿಸಿ, ವಾಕರ್ ತಳ್ಳಿಕೊಂಡು ಬರುತ್ತೇನೆ.

ನನ್ನ ಮಾಮ, ಅವ್ವನ ತಮ್ಮ, ಹೆಸರು ಚನಬಸು. ಮಹಾಯುದ್ಧದ ಕಾಲಕ್ಕೆ ಸೈನ್ಯ ಸೇರಿ, ರಾವಲ್ಪಿಂಡಿಯ ಕಡೆ ಎಲ್ಲೋ ವಿಮಾನದಿಂದ ಕೊಡೆ ಕಟ್ಟಿಕೊಂಡು ಹಾರುವುದನ್ನು ಕಲಿತವನು. ಯುದ್ಧ ಮುಗಿದ ಮೇಲೆ ಕೈಕಾಲು ಸರಿಯಾಗಿಟ್ಟುಕೊಂಡೇ ಊರಿಗೆ ಬಂದ. ಬಂದವನು ಸುಮ್ಮನಿರಬೇಕಿತ್ತು; ಕಟ್ಟೆಯ ಮೇಲೆ ಕುಳಿತು ಆಕಾಶದಿಂದ ಹಾರಿದ ಕಥೆಯನ್ನೆಲ್ಲ ಹೇಳಿದ. ಅಲ್ಲಿಂದ ಅವನ ಮದುವೆ ಕೆಟ್ಟಿತು. ನಾಗಾವಿಯ ಹೆಣ್ಣಿನ ಕಡೆಯವರು ಬಂದು, ಚಹಾ ಕುಡಿದು, ಹೋಗಿ ಹೇಳಿಕಳಿಸಿದರು: "ಹುಡುಗ ಚಲೋ ಅದಾನ್ರಿ. ಆದ್ರ ಅಷ್ಟ ಮ್ಯಾಲಿಂದ ಬಿದ್ದಾಂವ. ಹೊರಗ ಕಾಣಾಂಗಿಲ್ಲ, ಒಳಗ ಏನ್ ಮುರದೈತೊ ಯಾರಿಗೆ ಗೊತ್ತು?" ಮುಳಗುಂದದವರೂ ಅದನ್ನೇ ಅಂದರು. ಮಾಮ, "ಬಿದ್ದಿಲ್ರಿ, ಹಾರೀನಿ" ಎಂದು ವಾದಿಸಿದ. ಬಿದ್ದವನೂ ಹಾರಿದವನೂ ಕೊನೆಗೆ ನೆಲಕ್ಕೇ ತಾನೆ ಬರುವುದು, ವ್ಯತ್ಯಾಸವೇನು ಎಂದು ನಮ್ಮ ಅಜ್ಜನೇ ಕೇಳಿದ.

ಮೂರನೆಯದು ಕುರ್ತಕೋಟಿಯ ಸಂಬಂಧ. ಇದು ಬೇರೆ ಥರದ ಸಂಗತಿ. ಆ ಹುಡುಗಿಯನ್ನು ಮಾಮ ಗದಗಿನ ಒಂದು ಮದುವೆಯಲ್ಲಿ ತಾನೇ ಕಣ್ಣಾರೆ ನೋಡಿ ಬಂದಿದ್ದ. ಅಂದಿನಿಂದ ಊಟಕ್ಕೆ ಕುಳಿತರೆ ಪಲ್ಯ ಹಚ್ಚಿಕೊಳ್ಳುವುದನ್ನು ಮರೆತು ಬರಿ ರೊಟ್ಟಿ ಮುರಿದು ತಿನ್ನುತ್ತಿದ್ದ. ಇದೂ ತಪ್ಪಿದರೆ ತಾನು ಮತ್ತೆ ಊರು ಬಿಟ್ಟು ಹೋಗುವವನೇ ಎಂದು ಅಜ್ಜಿಗೆ ಹೇಳಿದ್ದ. ಅಜ್ಜಿ ಅತ್ತಿದ್ದಳು. ಬೆಳಗಾವಿಯ ಕಾನ್ವೆಂಟಿನಿಂದ ರಜೆಗೆ ಬಂದ ನಾನು ಆ ಕಣ್ಣೀರಿನ ನಡುವೆ ಟ್ರಂಕ್ ಇಳಿಸಿದೆ. ಮಾಮ ನನ್ನನ್ನು ಮೇಲಿನಿಂದ ಕೆಳಗೆ ನೋಡಿ, "ಶಾಂತೀ, ನಿನಗ ಹಾರೂದು ಕಲಸ್ತೀನಿ" ಅಂದ.

"ನನಗ್ಯಾಕ ಮಾಮಾ?"

"ನಾ ಹಾರಿ ತೋರಿಸಿದ್ರ ಸಿಪಾಯಿ, ಗಟ್ಟಿ ಆಳು ಅಂತಾರ. ನೀ ಹಾರಿದ್ರ ನಂಬತಾರ. ಸೂಜಿ ಚುಚ್ಚಿದ್ರ ಊರ ಕೂಡೂಹಂಗ ಅಳಾಕಿ ನೀ. ನೀ ಬಿದ್ದು ನಕ್ಕೋತ ಎದ್ದು ನಿಂತ್ರ, ಬಿದ್ರ ಏನೂ ಮುರಿಯೂದಿಲ್ಲ ಅನ್ನೂದು ಕುರ್ತಕೋಟಿಯವರಿಗೆ ತಾನ ತಿಳೀತೈತಿ."

ಲಾಜಿಕ್ಕಿನಲ್ಲಿ ತಪ್ಪು ಹುಡುಕುವ ವಯಸ್ಸಲ್ಲ ಅದು. ಹೀಗೆ ನನ್ನ ಟ್ರೇನಿಂಗ್ ಶುರುವಾಯಿತು. ಪ್ಯಾರಾಶೂಟ್ ಎಲ್ಲಿ ಎಂದು ಕೇಳಿದೆ. "ಅದು ತಂತಾನ ತೆರಕೋತೈತಿ, ಅದನ್ನೇನ್ ಕಲಿಯೂದೈತಿ?" ಅಂದ. ಮೊದಲು ಕಟ್ಟೆಯಿಂದ, ಆಮೇಲೆ ನಿಲ್ಲಿಸಿದ ಬಂಡಿಯಿಂದ, ಆಮೇಲೆ ದನದ ಕೊಟ್ಟಿಗೆಯ ಗೋಡೆಯಿಂದ. ಗದ್ದ ಎದೆಗೆ ಒತ್ತಬೇಕು, ಮಂಡಿ ಜೋಡಿಸಬೇಕು, ಕಾಲು ತಾಗಿದೊಡನೆ ಪಕ್ಕಕ್ಕೆ ಉರುಳಬೇಕು. ನಮ್ಮ ಕಾನ್ವೆಂಟಿನಲ್ಲಿ ಡಿಪೋರ್ಟ್‌ಮೆಂಟ್ ಎಂಬ ಕ್ಲಾಸಿತ್ತು. ತಲೆಯ ಮೇಲೆ ಡಿಕ್ಷನರಿ ಇಟ್ಟುಕೊಂಡು, ಗದ್ದ ಎತ್ತಿ, ನೇರ ನಡೆಯುವುದನ್ನು ಸಿಸ್ಟರ್ ಕಲಿಸಿದ್ದರು. ಸಿಸ್ಟರ್ ಎತ್ತು ಎಂದ ಗದ್ದವನ್ನು ಮಾಮ ಇಳಿಸು ಎನ್ನುತ್ತಿದ್ದ. ಈ ಎರಡು ವಿದ್ಯೆಗಳ ಜಗಳದಲ್ಲಿ ನನ್ನ ಕುತ್ತಿಗೆ ಉಳುಕಿ, ನಾನು ಕೆಲವು ದಿನ ಎಲ್ಲರನ್ನೂ ಓರೆಗಣ್ಣಿನಿಂದಲೇ ನೋಡಬೇಕಾಯಿತು. ಮೈಯೆಲ್ಲ ಬೇನೆ. ಕುಳಿತರೆ ಏಳಲಾರೆ, ಎದ್ದರೆ ಕೂರಲಾರೆ. ಈಗ ಎಂಬತ್ತು ದಾಟಿದ ಮೇಲೆ ಆಗುವ ದಣಿವನ್ನೆಲ್ಲ ನಾನು ಹದಿನಾರಕ್ಕೇ ಅಡ್ವಾನ್ಸಾಗಿ ಪಟ್ಟಿದ್ದೇನೆ. ಆದರೂ ದಿನಾ ಬೆಳಗ್ಗೆ ಸೀರೆಗೆ ಕಚ್ಚೆ ಹಾಕಿಕೊಂಡು ಹೋಗಿ ನಿಲ್ಲುತ್ತಿದ್ದೆ. ಯಾಕೆಂದು ಆಗ ಯೋಚಿಸಲಿಲ್ಲ. ಮಾಮನಿಗೆ ಒಳ್ಳೆಯದಾಗಲಿ ಎಂದಿರಬೇಕು ಎಂದುಕೊಂಡಿದ್ದೆ.

ಮಾಳಿಗೆಯ ಹಂತ ಬಂದಾಗ ಅಜ್ಜಿ ಅಡ್ಡ ನಿಂತಳು. "ಹೆಣ್ಣುಮಗಳ ಕಾಲ್ ಮುರದ್ರ ನಿಮ್ಮಕ್ಕಗ ನಾ ಏನ್ ಹೇಳ್ಲಿ?" ಆಗ ಹತ್ತಿಯ ಸುಗ್ಗಿ. ಗದಗಿನ ಪೇಟೆಗೆ ಒಯ್ಯಲು ಬಂಡಿಗೆ ಎತ್ತರದ ಗೋಣಿತಟ್ಟಿನ ಅಂಡಿಗೆ, ಅಂದರೆ ಬಂಡಿಯಗಲದ ಚೀಲ, ಕಟ್ಟಿ, ಅದರೊಳಗೆ ಹತ್ತಿ ಸುರಿದು, ಆಳು ಇಳಿದು ತುಳಿದು ತುಳಿದು ಅದುಮಬೇಕು. ಇಲ್ಲದಿದ್ದರೆ ಬಂಡಿ ತುಂಬಿದಂತೆ ಕಾಣುತ್ತದೆ, ಒಳಗೆ ಬರೀ ಗಾಳಿ. ಆ ಬಂಡಿಯನ್ನು ಗೋಡೆಗೆ ಒತ್ತಿ ನಿಲ್ಲಿಸಿದ ಮಾಮ, "ಹತ್ತ್ಯಾಗ ಬೀಳತಾಳ, ಏನೂ ಆಗೂದಿಲ್ಲ. ಮ್ಯಾಲ ತುಳಿಯೂ ಕೆಲಸಾನೂ ಆಗ್ತೈತಿ" ಅಂದ. ಅಜ್ಜಿಯ ಮುಖ ಸಡಿಲಾಯಿತು. "ಹಂಗಾರ ಆ ಮೂಲ್ಯಾಗ ಒಂದೀಟು ಜಾಸ್ತಿ ಹಾರವಾ, ಅಲ್ಲಿ ಪೊಳ್ಳೈತಿ" ಅಂದಳು. ನನ್ನ ಇಂಗ್ಲಿಷ್ ಎಜುಕೇಶನ್ ಆ ಮನೆಗೆ ಉಪಯೋಗಕ್ಕೆ ಬಂದದ್ದು ಅದೇ ಮೊದಲು.

ಕುರ್ತಕೋಟಿಯವರು ಮನೆ ನೋಡಲು ಬಂದರು. ಹುಡುಗಿಯ ಅಪ್ಪ ಮೆತ್ತಗಿನ ಮನುಷ್ಯ, ಚಹಾದ ಬಶಿಯನ್ನೂ ಸಂಕೋಚದಿಂದ ಹಿಡಿಯುವವರು. ಜೊತೆಗೆ ಹುಡುಗಿಯ ಸೋದರತ್ತೆ ಬಂದಿದ್ದಳು. ಬಾಯಿ ತುಂಬ ಎಲೆಅಡಿಕೆ, ಕಣ್ಣು ಮಾತ್ರ ಎಲ್ಲ ಕಡೆಗೆ. ನಿರೀಕ್ಷಿಸಿದ ಪ್ರಶ್ನೆ ಬಂತು. "ಅಲ್ರೀ, ಇಮಾನದಾಗಿಂದ ಬಿದ್ದಾರಂತಲ್ಲ ಅಳಿಯಂದ್ರು..." ಮಾಮ ಎದ್ದು ನಿಂತು, "ಹೊರಗ ಬರ್‍ರಿ, ತೋರಸ್ತೀನಿ" ಅಂದ. ಎಲ್ಲರೂ ಅಂಗಳಕ್ಕೆ ಬಂದರು. ಮೇಲೆ ನಾನು ಕಚ್ಚೆ ಬಿಗಿದು ನಿಂತಿದ್ದೆ. ಮಾಮ ಕೆಳಗಿನಿಂದಲೇ ವಿಮಾನ ಓಡಿಸಿ, "ಗೋ!" ಅಂದ. ಐ ಮಸ್ಟ್ ಸೇ, ಅಂಥ ಚಂದದ ಹಾರಿಕೆ ನಾನು ಅಲ್ಲಿಯವರೆಗೆ ಹಾರಿರಲಿಲ್ಲ. ಗದ್ದ ಎದೆಗೆ, ಮಂಡಿ ಜೋಡಿ, ಎಲ್ಲ ಕರೆಕ್ಟ್. ಆದರೆ ಆ ಬೆಳಗ್ಗೆ ಹೊಸ ಹತ್ತಿ ಸುರಿದದ್ದನ್ನು ಯಾರೂ ತುಳಿದಿರಲಿಲ್ಲ. ನಾನು ತಲೆಯ ತನಕ ಮುಳುಗಿ ಕಾಣೆಯಾದೆ. ಹೊರಗೆ ಯಾರೋ "ಸತ್ಲೇನು?" ಎಂದು ಕೇಳಿದ್ದು ಹತ್ತಿಯೊಳಗಿದ್ದ ನನಗೆ ಕೇಳಿಸಿತು. ನಾನು ಈಜಾಡಿ, ಸೀನಿ, ಮೇಲೆ ಬಂದು, ಮೂಗಿನಲ್ಲಿ, ಹುಬ್ಬಿನಲ್ಲಿ, ಜಡೆಯಲ್ಲಿ ಹತ್ತಿ ಅಂಟಿಸಿಕೊಂಡು, ಹೇಳಿಕೊಟ್ಟಂತೆ ನಕ್ಕೆ. ಹುಡುಗಿಯ ಅಪ್ಪ ಚಪ್ಪಾಳೆ ತಟ್ಟಿಯೇಬಿಟ್ಟರು. "ಭೇಷ್! ಏನೂ ಆಗಿಲ್ಲ ನೋಡ್ರಿ!" ಮಾಮನ ಮುಖದಲ್ಲಿ ಆ ಗಳಿಗೆಯಲ್ಲಿದ್ದ ಬೆಳಕನ್ನು ನಾನು ಬಂಡಿಯ ಮೇಲಿಂದ ಚೆನ್ನಾಗಿ ನೋಡಿದೆ.

ಸೋದರತ್ತೆ ಎಲೆಅಡಿಕೆ ಉಗುಳಿ ಬಂದು ಕೇಳಿದಳು. "ಈಕಿ ಯಾರ?"

"ನಮ್ಮ ಮಗಳ ಮಗಳವಾ" ಎಂದಳು ಅಜ್ಜಿ, ಹೆಮ್ಮೆಯಿಂದ. "ಬೆಳಗಾವ್ಯಾಗ ಇಂಗ್ಲೀಷ್ ಸಾಲಿ ಕಲೀತಾಳ."

"ಅಂದ್ರ ಇವನ ಅಕ್ಕನ ಮಗಳು. ಮದಿವಿ ಆಗೇತೇನು?"

"ಇನ್ನೂ ಇಲ್ಲ."

ಅಷ್ಟೇ. ನಾವೆಲ್ಲ ಸೇರಿ ಏನು ಮಾಡಿದ್ದೆವೆಂದು ಆಗ ಹೊಳೆಯಿತು. ನಮ್ಮ ಕಡೆ ಅಕ್ಕನ ಮಗಳೆಂದರೆ ಸೋದರಮಾವನ ಹಕ್ಕು. ಬೇರೆಯವರಿಗೆ ಕೊಡುವ ಮುಂಚೆ ಅವನನ್ನು ಕೇಳಬೇಕು. ವಯಸ್ಸಿಗೆ ಬಂದ ಅಕ್ಕನ ಮಗಳನ್ನು ಮನೆಯಲ್ಲಿ ಮುಚ್ಚಿಡುವುದು ಬಿಟ್ಟು, ಮಾಳಿಗೆಯ ಮೇಲೆ ನಿಲ್ಲಿಸಿ ಹೆಣ್ಣಿನ ಕಡೆಯವರಿಗೆ ತೋರಿಸಿದ್ದೆವು. ಸೋದರತ್ತೆ ತಮ್ಮನ ಕಡೆ ತಿರುಗಿದಳು. "ನಡೀಯೋ ತಮ್ಮಾ. ಸ್ವಂತ ಅಕ್ಕನ ಮಗಳು ಕೈಯಳತ್ಯಾಗ ಇದ್ದೂ ಇವ್ರು ಹೊರಗ ಹುಡುಗಿ ಹುಡುಕ್ತಾರಂದ್ರ, ಆ ಅಕ್ಕಾನ ಮಗಳನ್ನ ಕೊಡವಲ್ಲಳು ಅಂದಂಗಾತು. ಆಕಿಗೆ ಒಳಗಿಂದೇನೋ ಗೊತ್ತೈತಿ." ಆ ಮೆತ್ತಗಿನ ಮನುಷ್ಯ ನಮ್ಮ ಕಡೆ ಕ್ಷಮೆ ಕೇಳುವಂತೆ ನೋಡಿ, ಅಕ್ಕನ ಹಿಂದೆ ನಡೆದರು. ನನ್ನನ್ನು ಬಂಡಿಯಿಂದ ಇಳಿಸುವುದು ಯಾರಿಗೂ ನೆನಪಾಗಲಿಲ್ಲ.

ಆಮೇಲಿನ ದಿನಗಳಲ್ಲಿ ಹಿರಿಯರು ಪಡಸಾಲೆಯಲ್ಲಿ ತಗ್ಗಿದ ದನಿಯಲ್ಲಿ ಮಾತಾಡಿದರು. ಅಜ್ಜ, "ಕುರ್ತಕೋಟಿಯಾಕಿ ಹೇಳಿದ್ದೂ ಖರೆ ಐತಿ. ಮನ್ಯಾಗ ಹುಡುಗಿ ಇಟಗೊಂಡು ಊರೂರ ಯಾಕ ತಿರಗಬೇಕು?" ಎಂದದ್ದು ನನ್ನ ಕಿವಿಗೆ ಬಿತ್ತು. ನನಗೆ ಬಂದ ಸಿಟ್ಟು ಅಷ್ಟಿಷ್ಟಲ್ಲ. ಕಪಾಟಿನ ಕನ್ನಡಿಯ ಮುಂದೆ ನಿಂತು ನಿರಾಕರಣೆಯ ಭಾಷಣ ತಯಾರು ಮಾಡಿದೆ. ಔಟ್ ಆಫ್ ದಿ ಕ್ವೆಶ್ಚನ್, ಎಂದು ಶುರು. ನಡುವೆ ಹೆಣ್ಣಿನ ವಿದ್ಯಾಭ್ಯಾಸ, ಹೊಸ ಸ್ವತಂತ್ರ ದೇಶ, ಎಲ್ಲ ಬರುತ್ತಿತ್ತು. ಒಂದು ಕಡೆ ಧ್ವನಿ ನಡುಗಿಸುವ ಏರ್ಪಾಡೂ ಇತ್ತು. ಕರೆ ಬಂದಾಗ ಹೊಸ ಸೀರೆ ಉಟ್ಟು ಪಡಸಾಲೆಗೆ ಹೋದೆ. ನಾನು ಬಾಯಿ ತೆರೆಯುವ ಮುಂಚೆ ಮಾಮ ಹೇಳಿದ. "ಬ್ಯಾಡಪಾ. ಆಕಿ ಓದಲಿ. ನನಗ ಆಕಿ ಕೂಸು ಇದ್ದಂಗ."

ಎಲ್ಲರೂ ಒಪ್ಪಿದರು. ನಾನು ಭಾಷಣ ಸಮೇತ ಒಳಗೆ ಬಂದೆ. ರಿಲೀಫ್ ಆಗಬೇಕಿತ್ತು, ಅದರ ಬದಲು ಅಡುಗೆಮನೆಯಲ್ಲಿ ಕುಳಿತು, ಕೂಸಂತೆ, ಕೂಸು ಎಂದು ಗೊಣಗುತ್ತ, ಯಾರೂ ಹೇಳದೆ ಒಂದು ಬುಟ್ಟಿ ಉಳ್ಳಾಗಡ್ಡಿ ಹೆಚ್ಚಿದೆ. ನಾನು ನಿರಾಕರಿಸುವ ಮುಂಚೆ ನನ್ನನ್ನು ನಿರಾಕರಿಸುವ ಅಧಿಕಾರ ಅವನಿಗೆ ಯಾರು ಕೊಟ್ಟರು? ಈ ಪ್ರಶ್ನೆಗೆ ಇಷ್ಟು ವರ್ಷಗಳಾದರೂ ಉತ್ತರ ಸಿಕ್ಕಿಲ್ಲ. ಈಚೆಗೆ ಹುಡುಕುವುದಕ್ಕೂ ಬೇಸರ. ಹೇಳಿದಂತೆಯೇ ಮಾಮ ಆ ಮಳೆಗಾಲಕ್ಕೆ ಮೊದಲು ಊರು ಬಿಟ್ಟು, ಮುಂಬಯಿಯ ಯಾವುದೋ ಗೋದಾಮಿನ ಕಾವಲಿಗೆ ಸೇರಿದ.

ಕೊನೆಯ ಸಲ ಅವನನ್ನು ನೋಡಿದ್ದು ಏಕೀಕರಣವಾದ ವರ್ಷ, ಗದಗಿನ ಪೇಟೆಯಲ್ಲಿ, ಮೆರವಣಿಗೆಯ ದಿನ. ನಾನು ಲಕ್ಷ್ಮೇಶ್ವರಕ್ಕೆ ಮದುವೆಯಾಗಿ ಹೋಗಿದ್ದೆ; ಕಂಕುಳಲ್ಲಿ ನೆಗಡಿಯಾದ ಮಗು, ಪಕ್ಕದಲ್ಲಿ ಗಂಡ. ಮಾಮನ ಮೀಸೆ ತೆಳ್ಳಗಾಗಿತ್ತು. ಜೊತೆಗೆ ಶಿರಹಟ್ಟಿ ಕಡೆಯ ಹೆಂಡತಿ, ತಡವಾಗಿ ಆದ ಮದುವೆ. "ಇವ್ರ ಮನ್ಯಾಗ ಏನೂ ಕೇಳಲಿಲ್ಲ, ನಾನೂ ಏನೂ ಹೇಳಲಿಲ್ಲ" ಎಂದು ನಕ್ಕ. ಹೆಂಡತಿ, ಯಾವ ಮಾತು ಎಂದು ತಿಳಿಯದೆ, ತಾನೂ ನಕ್ಕಳು. ಆರಾಮಿದ್ದೀಯಾ ಎಂದು ಕೇಳಿದ. "ಕ್ವೈಟ್ ವೆಲ್, ಥ್ಯಾಂಕ್ ಯೂ" ಎಂದು ನಾನು ಬಜಾರಿನ ನಡುವೆ, ಸೋದರಮಾವನಿಗೆ, ಇಂಗ್ಲಿಷಿನಲ್ಲಿ ಹೇಳಿದೆ. ಅಷ್ಟರಲ್ಲಿ ಜನ ನುಗ್ಗಿ ಬಂತು. ಅವರು ಅತ್ತ, ನಾವು ಇತ್ತ. ತಿರುಗಿ ನೋಡಬಾರದೆಂದು ನಿಶ್ಚಯಿಸಿ, ಬಹಳ ಗಮನವಿಟ್ಟು ಮಗುವಿನ ಮೂಗು ಒರೆಸುತ್ತ ನಿಂತೆ. ಮನೆಗೆ ಬಂದ ಮೇಲೆ ಗಂಡ ಹೇಳಿದರು: "ನಿಮ್ಮ ಮಾಮಾ ಓಣಿ ಮೂಲಿತನಕಾ ತಿರುಗಿ ತಿರುಗಿ ಕೈ ಮಾಡಿದ್ರು. ನೀ ನೋಡಲೇ ಇಲ್ಲಲ್ಲ?"