ಹಸಿರು ದೀಪಕ್ಕೆ ಹೆದರುವ ಕಾಕಾ

ನಮ್ಮ ಕಾಕಾ ಹಾವಿಗೆ ಹೆದರುವುದಿಲ್ಲ, ಪೊಲೀಸರಿಗೆ ಹೆದರುವುದಿಲ್ಲ, ಹೆಂಡತಿಯಾದ ನಮ್ಮ ಕಾಕುವಿಗೂ ಹೆದರುವುದಿಲ್ಲವಂತೆ (ಇದು ಕಾಕು ಎದುರಿಗೆ ಇಲ್ಲದಾಗಿನ ಮಾತು). ಹಸಿರು ದೀಪ ಕಂಡರೆ ಮಾತ್ರ ಬೆವರುತ್ತಾರೆ!

ರಸ್ತೆಯ ದೀಪವಲ್ಲ. ಕರೆಂಟು ಜಾಸ್ತಿ ಬಂದಾಗ ಫ್ರಿಜ್ಜು, ಟೀವಿ ಸುಡದಂತೆ ತಾನೇ ಲೈನ್ ಕಡಿಯುವ ಡಬ್ಬಿ ಇರುತ್ತದಲ್ಲ, ಅದರ ಮೇಲಿನದು. ಕಲಂಗುಟ್‌ನ ಹೋಟೆಲುಗಳಲ್ಲಿ ಇಂಥ ಡಬ್ಬಿ ರಿಪೇರಿ ಮಾಡಿಯೇ ಕಾಕಾ ಚಿಂಬಲ್‌ನಲ್ಲಿ ಸಂಸಾರ ಹೂಡಿದ್ದು. "ಒಳಗ ಲೈನ್ ಕಡಿಸೂ ಟ್ರಾನ್ಸಿಸ್ಟರ್ ಶಾರ್ಟ್ ಆಗಿ ಕೆಟ್ಟಿದ್ರೂ ಹಸಿರು ದೀಪ ಉರೀತಿರತೈತಿ. ಡಬ್ಬಿ ಕಾಯಾಕತ್ತೈತಿ ಅಂತ ನೀವು ಮಲಗ್ತೀರಿ. ಅದು ಲೈನ್ ಕಡಿಯೂದ ಮರತಿರತೈತಿ" ಎನ್ನುತ್ತಾರೆ. ಇದನ್ನು ಕೇಳಿದವರಿಗೆ ನಿದ್ದೆ ಬರುವುದಾದರೂ ಹೇಗೆ?

ನನಗೆ ಹೆಣ್ಣು ನೋಡಲು ಮಡಗಾಂವ್‌ಗೆ ಹೋದಾಗ, ಉಪ್ಪಿಟ್ಟು ಬರುವ ಮೊದಲೇ, "ನಿಮ್ಮ ಫ್ರಿಜ್ಜಿನ ಡಬ್ಬಿ ಒಮ್ಮೆ ನೋಡ್ಲೇನ್ರಿ?" ಎಂದರು. ವರದಕ್ಷಿಣೆಗೆ ಫ್ರಿಜ್ಜನ್ನೇ ಕೇಳುತ್ತಿದ್ದಾರೆಂದು ತಿಳಿದ ಹುಡುಗಿಯ ಅಪ್ಪ ಮುಖ ಸಣ್ಣದು ಮಾಡಿಕೊಂಡು, "ಅದು ಭಾಳ ಹಳೇದೈತ್ರಿ" ಎಂದರು. ಸಂಬಂಧ ಮುರಿಯಿತು. ಡಬ್ಬಿ ಚಲೋ ಇತ್ತು.

ಕಾಕುವಿನ ಎದೆ ಕೆಟ್ಟು ಆಕ್ಸಿಜನ್ ಯಂತ್ರ ಮನೆಗೆ ಬಂದ ಮೇಲಂತೂ ಈ ಹುಚ್ಚು ಏರಿತು. ದಿನಾ ಬೆಳಿಗ್ಗೆ ಡಬ್ಬಿಯಿಂದ ಯಂತ್ರ ಬಿಡಿಸಿ, ಅದರ ಜಾಗದಲ್ಲಿ ಬಲ್ಬು ಹಚ್ಚಿ, ತಮ್ಮ ರಿಪೇರಿ ಸಾಮಾನಿನ ಗುಂಡಿ ತಿರುಗಿಸಿ ಬೇಕೆಂದೇ ಕರೆಂಟು ಏರಿಸುತ್ತಾರೆ. ಬಲ್ಬು ಆರಿದರೆ ಡಬ್ಬಿ ಪಾಸು. ಅಷ್ಟು ಹೊತ್ತು ಕಾಕು ಬರೀ ಗಾಳಿಯಲ್ಲಿ ಕೂರಬೇಕು. "ಇವರ ಪರೀಕ್ಷಾನ ಒಂದಿನ ನನ್ನ ಕೊಲ್ತೈತಿ" ಎಂದು ಗೊಣಗುತ್ತಿದ್ದರು. ನಾವು ನಗುತ್ತಿದ್ದೆವು.

ಕಳೆದ ಮಳೆಗಾಲದ ಒಂದು ಬೆಳಿಗ್ಗೆ ಬಲ್ಬು ಆರಲಿಲ್ಲ. ಬೆಳ್ಳಗೆ ಉರಿದು ಫಟ್ಟೆಂದು ಒಡೆಯಿತು. ಹಸಿರು ದೀಪ ಹಾಗೇ ಉರಿಯುತ್ತಿತ್ತು. ಹೊರಗಿನ ಬಿರುಗಾಳಿಗೆ ಲೈನು ಏರುತ್ತ ಇಳಿಯುತ್ತ ಇತ್ತು. ಆಸ್ಪತ್ರೆ ಗಾಡಿಗೆ ಫೋನು ಮಾಡಿದರೆ, ದಾರಿಯಲ್ಲಿ ಮರ ಬಿದ್ದಿದೆ, ತಡವಾಗುತ್ತದೆ ಎಂದರು. ಕಾಕು ಮಂಚದ ಅಂಚು ಹಿಡಿದು ಏದುಸಿರು ಬಿಡುತ್ತಿದ್ದರು.

"ಯಂತ್ರಾನ ಸೀದಾ ಗ್ವಾಡಿ ಪ್ಲಗ್ಗಿಗೆ ಹಚ್ಚೂಣು, ಕಾಕಾ" ಎಂದೆ.

"ಯಂತ್ರ ಸುಟ್ಟರ ಆಮ್ಯಾಲ ಏನ್ ಮಾಡ್ತಿ?"

ಡಬ್ಬಿ ಬಿಚ್ಚಿದರು. ಮೀಟರಿನ ಕಡ್ಡಿಗಳನ್ನು ಟ್ರಾನ್ಸಿಸ್ಟರಿನ ಕಾಲುಗಳಿಗೆ ಮುಟ್ಟಿಸಿದಾಗ, ಕೂಗಬಾರದ ಕಡೆ ಮೀಟರು ಕುಂಯ್ ಎಂದು ಕೂಗಿತು. ಶಾರ್ಟ್. ಅದನ್ನು ಕಿತ್ತು ಹೊಸದನ್ನು ಬೆಸೆದರು. ಅಷ್ಟಾದರೂ ಪರೀಕ್ಷೆ ಬಿಡಲಿಲ್ಲ ಪುಣ್ಯಾತ್ಮ! ಇನ್ನೊಂದು ಬಲ್ಬು ಹಚ್ಚಿ ಕರೆಂಟು ಏರಿಸಿದರು. ನಾನು ಕಣ್ಣು ಮುಚ್ಚಿಕೊಂಡೆ. ಡಬ್ಬಿ ಟಕ್ ಎಂದಿತು. ಬಲ್ಬು ಆರಿತ್ತು.

ಯಂತ್ರ ಶುರುವಾಯಿತು. ಕಾಕುವಿಗೆ ಮಾತು ಮರಳಲು ಸುಮಾರು ಹೊತ್ತು ಹಿಡಿಯಿತು. ಕಾಕಾನ ಹಣೆಯ ಬೆವರನ್ನು ಸೆರಗಿನಿಂದ ಒರೆಸುತ್ತ ಕೇಳಿದರು: "ಈಗರ ಹೆದರಿಕಿ ಹೋತೇನ್ರಿ?"

"ಇಲ್ಲ" ಎಂದರು ಕಾಕಾ. "ನೀ ಉಸಿರಾಡು. ಹೆದರೂದು ನಾ ನೋಡ್ಕೋತೇನಿ."